ಬಬಲೇಶ್ವರದಲ್ಲಿ ಕೇಳಿದ್ದು, ವಿಜಾಪುರದವರೆಗೆ ಹೇಳದ್ದು

ಅದು ೧೯೭೬ನೇ ಇಸವಿಯ ಜನವರಿ. ಎಳ್ಳಮಾವಾಸ್ಯೆ ಮುಗಿದು ಹತ್ತು ಹನ್ನೆರಡು ದಿನವಾಗಿತ್ತು. ಹೊಲಗಳಲ್ಲಿ ಬಿಳಿಜೋಳ ಹಾಲುಗಾಳು ತುಂಬಿ ನಿಂತಿತ್ತು. ನಾನಾಗ ವಿಜಾಪುರದಲ್ಲಿ ಬಸ್ ಕಂಡಕ್ಟರ್. ನೌಕರಿಗೆ ಸೇರಿ ಎರಡು ವರ್ಷ, ವಯಸ್ಸು ಇಪ್ಪತ್ತೈದು. ಆ ದಿನದ ಮಾತನ್ನು ಮನೆಯಲ್ಲಿ ಹೆಂಡತಿಗೆ, ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಆದರೆ ಹೇಳುವಾಗಲೆಲ್ಲ ಒಂದು ಭಾಗ ಬಿಟ್ಟು ಹೇಳಿದ್ದೇನೆ. ಈಗ ನಿವೃತ್ತನಾಗಿ ಬಹಳ ವರ್ಷಗಳಾದವು. ಇಲ್ಲಿ ಏನೂ ಬಿಡದೆ ಬರೆಯುತ್ತೇನೆ.

ನನ್ನ ಗಾಡಿಯ ಡ್ರೈವರ್ ಗುರಲಿಂಗಪ್ಪ. ತಿಕೋಟಾದವರು, ನಲವತ್ತೈದು ದಾಟಿದವರು. ಹೆಂಡತಿ ನೀಲವ್ವನ ಜೊತೆ ವಿಜಾಪುರದಲ್ಲಿ ಒಂದು ಮಾಳಿಗೆಮನೆ ಬಾಡಿಗೆಗೆ ಹಿಡಿದಿದ್ದರು. ಒಬ್ಬಳೇ ಮಗಳು, ಅವಳನ್ನು ಕಳ್ಳಕವಟಗಿಗೆ ಕೊಟ್ಟಿದ್ದರು. ನಾನು ಅವರನ್ನು ಅಣ್ಣಾ ಎನ್ನುತ್ತಿದ್ದೆ. ನಮ್ಮದು ವಿಜಾಪುರದಿಂದ ಬಬಲೇಶ್ವರದ ಮೇಲೆ ಮಮದಾಪುರಕ್ಕೆ ಹೋಗಿ ಬರುವ ಗಾಡಿ.

ಗುರಲಿಂಗಪ್ಪಣ್ಣನಂಥ ಡ್ರೈವರನ್ನು ನಾನು ಆಮೇಲೆ ಕಾಣಲಿಲ್ಲ. ಸ್ಟೇರಿಂಗ್ ಹಿಡಿದರೆ ಆ ಮನುಷ್ಯ ಬೇರೆಯೇ ಆಗುತ್ತಿದ್ದರು. ಬಾಯಲ್ಲಿ ಎಲೆಅಡಿಕೆ ಇಲ್ಲ, ತಂಬಾಕು ಇಲ್ಲ. ಬಾನೆಟ್ ಹತ್ತಿರದ ಸೀಟಿನಲ್ಲಿ ಕೂತವರು ಮಾತಿಗೆಳೆದರೆ ಉತ್ತರವಿಲ್ಲ. ಒಂದು ಸಲ ಒಂದೂರಿನ ಗೌಡರು ಹತ್ತಿ, ಮುಂದೆ ಕೂತು, ಊರಿನ ಪಂಚಾಯಿತಿ ಜಗಳವನ್ನೆಲ್ಲ ಇವರಿಗೆ ಹೇಳತೊಡಗಿದರು. ಇವರು ಗಾಡಿಯನ್ನು ಒಂದು ಬೇವಿನ ಗಿಡದ ಕೆಳಗೆ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಕೈ ಕಟ್ಟಿ ಕೂತರು. "ಯಾಕೋ ಗುರಲಿಂಗಪ್ಪ, ಏನಾತು?" ಎಂದರು ಗೌಡರು. "ಏನಿಲ್ರಿ ಗೌಡ್ರ, ನೀವು ಮಾತು ಮುಗಸ್ರಿ. ಆಮ್ಯಾಲ ಹೋಗೂಣು" ಎಂದರು ಇವರು. ಗೌಡರು ವಿಜಾಪುರ ಬರುವವರೆಗೆ ಮತ್ತೆ ಬಾಯಿ ತೆರೆಯಲಿಲ್ಲ.

ಅಂಥವರ ಗಮನವನ್ನು ಒಂದು ಸಲ ನಾನೇ ಕೆಡಿಸಿದ್ದೆ. ನೌಕರಿಗೆ ಸೇರಿದ ಹೊಸದು. ಬಬಲೇಶ್ವರದ ಸ್ಟ್ಯಾಂಡಿನಲ್ಲಿ ಅವರ ಬೀಗರ ಕಡೆಯವರೊಬ್ಬರು ಸಿಕ್ಕು, ಮಗಳು ಗಂಡು ಹಡೆದಿದ್ದಾಳೆ ಎಂದು ನನಗೆ ಹೇಳಿ ಹೋದರು. ಒಳ್ಳೆಯ ಸುದ್ದಿ, ನನಗೆ ತಡೆಯಲಾಗಲಿಲ್ಲ. ಗಾಡಿ ಓಡುತ್ತಿರುವಾಗಲೇ ಮುಂದೆ ಹೋಗಿ, "ಅಣ್ಣಾ, ನೀವು ಮುತ್ಯಾ ಆದ್ರಿ" ಎಂದೆ. ಅವರು ತಿರುಗಿ ನನ್ನ ಮುಖ ನೋಡಿದರು. ನಗು ಪೂರ್ತಿ ಅರಳಿರಲಿಲ್ಲ, ಅಷ್ಟರಲ್ಲಿ ಮುಂದೆ ಕುರಿಹಿಂಡು ರಸ್ತೆ ದಾಟುತ್ತಿತ್ತು. ಬ್ರೇಕ್ ಹಾಕಿದರು. ಎರಡು ಮರಿ ಗಾಲಿಯ ಕೆಳಗೆ ಹೋದವು.

ಕುರಿ ಕಾಯುವ ಹೆಣ್ಣುಮಗಳು ಅಳುತ್ತ ಬಂದಳು. ಗುರಲಿಂಗಪ್ಪಣ್ಣ ಕೆಳಗಿಳಿದು, ಸತ್ತ ಮರಿಯೊಂದನ್ನು ಎತ್ತಿ ರಸ್ತೆಯ ಬದಿಗೆ ಇಟ್ಟು, ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಆ ಹೆಣ್ಣುಮಗಳೇ ಕೊನೆಗೆ, "ಏಳ್ರಿ ಯಣ್ಣಾ, ಕುರಿ ಹ್ವಾದ್ವು. ಮಂದಿ ಆಗಿದ್ರ ಏನ್ ಮಾಡ್ತಿದ್ರಿ" ಎಂದಳು. ಅವಳು ಬೈಯಲು ಹೇಳಿದಳೋ ಸಮಾಧಾನಕ್ಕೆ ಹೇಳಿದಳೋ ತಿಳಿಯದು. ಆ ಮಾತು ಅವರನ್ನು ಹಿಡಿದುಬಿಟ್ಟಿತು.

ಅವತ್ತು ವಿಜಾಪುರ ಸ್ಟ್ಯಾಂಡಿಗೆ ಬಂದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ಶ್ರೀಶೈಲ, ಒಂದು ಮಾತು ನೆಪ್ಪಿಡು. ನಮ್ಮನಿದು ಚಲೋ ಸುದ್ದಿ ಇರಲಿ, ಕೆಟ್ಟ ಸುದ್ದಿ ಇರಲಿ, ಗಾಡಿ ಸ್ಟ್ಯಾಂಡಿಗೆ ಹಚ್ಚೂತನಕ ನನಗ ಹೇಳಬ್ಯಾಡ. ಸ್ಟೇರಿಂಗ್ ಮ್ಯಾಲ ಕುಂತಾಗ ನನಗ ಹೇಣ್ತಿ ಇಲ್ಲ, ಮಗಳಿಲ್ಲ. ಹಿಂದ ಕುಂತ ಐವತ್ತು ಮಂದಿ ಅಷ್ಟ."

ನಾನು ಹೂಂ ಎಂದೆ. ತಪ್ಪು ಮಾಡಿದವನು ನಾನು, ಹೂಂ ಎನ್ನದೆ ಇನ್ನೇನು ಮಾಡಲಿ.

ಅವರ ಮನೆಗೆ ನಾನು ಆಗಾಗ ಊಟಕ್ಕೆ ಹೋಗುತ್ತಿದ್ದೆ. ನೀಲವ್ವ ಕಡಿಮೆ ಮಾತಿನವಳು. ನನ್ನ ತಟ್ಟೆಗೆ ರೊಟ್ಟಿ ಹಾಕುತ್ತ, "ಇವರು ದಾರ್‍ಯಾಗ ಮಾತಾಡೂದಿಲ್ಲಂತ, ಹೌದೇನೋ? ಮನಿಗಿ ಬಂದ್ರ ನನಗ ಒಂದು ಮಾತಾಡಾಕ ಬಿಡೂದಿಲ್ಲ ನೋಡು" ಎಂದು ನಗುತ್ತಿದ್ದಳು. ಅದು ನಿಜವೇ ಆಗಿತ್ತು. ದಾರಿಯಲ್ಲಿ ಕಂಡದ್ದನ್ನೆಲ್ಲ, ಯಾರು ಹತ್ತಿದರು, ಯಾರು ಇಳಿದರು ಎಂಬುದನ್ನೆಲ್ಲ ಅವರು ಮನೆಗೆ ಹೋಗಿ ಅವಳ ಮುಂದೆ ಸುರಿಯುತ್ತಿದ್ದರು.

ಇನ್ನು ಆ ದಿನ.

ಬೆಳಗ್ಗೆ ಮಮದಾಪುರ ತಲುಪಿ, ಅಲ್ಲಿಂದ ತಿರುಗಿ ಹೊರಟು ಬಬಲೇಶ್ವರಕ್ಕೆ ಬಂದಾಗ ಹತ್ತೂವರೆ ಇರಬಹುದು. ಗಾಡಿ ತುಂಬಿತ್ತು. ಗುರಲಿಂಗಪ್ಪಣ್ಣ ಚಹಾ ಕುಡಿಯಲು ಇಳಿದು ಹೋದರು. ಅಷ್ಟರಲ್ಲಿ ವಿಜಾಪುರದಿಂದ ಬಂದ ಇನ್ನೊಂದು ಗಾಡಿ ನಮ್ಮ ಎದುರಿಗೆ ನಿಂತಿತು. ಅದರ ಕಂಡಕ್ಟರ್ ಇಮಾಮಸಾಬ, ನನಗಿಂತ ಹಿರಿಯರು. ಅವರು ಇಳಿದವರೇ ಅತ್ತ ಇತ್ತ ನೋಡಿ ನೇರ ನನ್ನ ಹತ್ತಿರ ಬಂದು, ನನ್ನ ತೋಳು ಹಿಡಿದು ಗಾಡಿಯ ಹಿಂದಕ್ಕೆ ಕರೆದುಕೊಂಡು ಹೋದರು.

"ಗುರಲಿಂಗಪ್ಪನ ಮನಿಯಾಕಿ ಮಾಳಿಗಿ ಮ್ಯಾಲಿಂದ ಬಿದ್ದಾಳ" ಎಂದರು. "ಮುಂಜಾನಿ ಮೆಣಸಿನಕಾಯಿ ಹರವಾಕ ಹತ್ತಿದ್ಳಂತ. ತಲಿಗಿ ಪೆಟ್ಟಾಗೇತಿ. ದವಾಖಾನ್ಯಾಗ ಹಾಕ್ಯಾರ."

"ಹೆಂಗ ಅದಾಳ್ರಿ?" ಎಂದೆ.

"ಮಾತಾಡಾಕತ್ತಾಳಂತ. ಇವನ್ನ ಕೇಳಾಕತ್ತಾಳಂತ. ಆದ್ರ ಡಾಕ್ಟರ್ ಬಾಯಾಗ ಚಲೋ ಮಾತು ಇಲ್ಲ. ಬಾಜೂ ಮನಿ ಈರಣ್ಣ ಸ್ಟ್ಯಾಂಡಿಗೆ ಬಂದು ಹೇಳಿ ಹ್ವಾದ. ಹೆಂಗರ ಮಾಡಿ ಲಗೂ ಕಳಸ್ರಿ ಅಂದ."

ನಾನು ಚಹಾದಂಗಡಿಯ ಕಡೆ ನೋಡಿದೆ. ಗುರಲಿಂಗಪ್ಪಣ್ಣ ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ ನಿಂತಿದ್ದರು. "ಇಮಾಮಣ್ಣಾ, ಏನ್ ಮಾಡ್ಲಿ? ಅವರ ಹೇಳ್ಯಾರ್ರಿ, ದಾರ್‍ಯಾಗ ಏನೂ ಹೇಳಬ್ಯಾಡಂತ" ಎಂದೆ.

ಇಮಾಮಸಾಬರಿಗೂ ಕುರಿಮರಿಗಳ ಕಥೆ ಗೊತ್ತಿತ್ತು. "ಅವನ ಕೈಯಾಗ ಐವತ್ತು ಮಂದಿ ಅದಾರ. ಕೇಳಿದ ಮ್ಯಾಲ ಅವ ಗಾಡಿ ಹೆಂಗ ಹೊಡೀತಾನ, ದೇವರಿಗೇ ಗೊತ್ತು. ಹೇಳಲಿಲ್ಲಂದ್ರ ಅದೂ ಒಂದು ಪಾಪ. ನಿನಗ ಬಿಟ್ಟದ್ದು ತಮ್ಮಾ" ಎಂದರು. ಅವರ ಗಾಡಿಯ ಡ್ರೈವರ್ ಹಾರ್ನ್ ಹೊಡೆದ. ಹೋಗಿ ಹತ್ತಿಬಿಟ್ಟರು.

ಆಗ ಬಬಲೇಶ್ವರದ ಸ್ಟ್ಯಾಂಡಿನ ಎದುರಿಗೆ ಒಂದು ಖಾಲಿ ಲಾರಿ ವಿಜಾಪುರದ ಕಡೆ ಮುಖ ಮಾಡಿ ನಿಂತಿತ್ತು. ಅದರ ಡ್ರೈವರ್ ಗಾಲಿಯನ್ನು ಒದ್ದು ಗಾಳಿ ನೋಡುತ್ತಿದ್ದ. ಅದನ್ನು ನಾನು ಕಣ್ಣಿನಿಂದ ನೋಡಿದೆ. ಆದರೆ ನೋಡಿದೆ ಎಂಬುದು ನನಗೆ ತಿಳಿದದ್ದು ನಾಲ್ಕು ದಿನದ ಮೇಲೆ.

ಗುರಲಿಂಗಪ್ಪಣ್ಣ ಹೆಗಲ ಮೇಲೆ ಇಳಿಬಿಟ್ಟಿದ್ದ ಟವೆಲಿನಿಂದ ಬಾಯಿ ಒರೆಸಿಕೊಳ್ಳುತ್ತ ಬಂದರು. "ಇಮಾಮಸಾಬ ಏನಂತಿದ್ದ?" ಎಂದು ಕೇಳಿದರು.

"ಏನಿಲ್ರಿ, ರಜಾದ ವಿಷಯ" ಎಂದೆ.

ಅವರು ಹತ್ತಿ ಕೂತರು. ಅಲ್ಲಿಗೆ ಅವರ ಮಾತು ನಿಂತಿತು. ನಾನು ಗಂಟೆಯ ಹಗ್ಗ ಎಳೆದೆ. ಗಾಡಿ ಹೊರಟಿತು.

ಬಬಲೇಶ್ವರದಿಂದ ವಿಜಾಪುರಕ್ಕೆ ಒಂದು ತಾಸಿನ ದಾರಿ. ಗುರಲಿಂಗಪ್ಪಣ್ಣನ ಗಮನ ಎಲ್ಲಿಯೂ ಹೋಗಬಾರದು ಎಂದು ನಾನು ಸುದ್ದಿ ಮುಚ್ಚಿಟ್ಟಿದ್ದೆ, ಆದರೆ ನನ್ನ ಗಮನ ಯಾವುದರ ಮೇಲೂ ನಿಲ್ಲುತ್ತಿರಲಿಲ್ಲ. ಒಬ್ಬನಿಗೆ ಎರಡು ಸಲ ಟಿಕೆಟ್ ಹರಿದೆ. ಒಬ್ಬ ಮುದುಕ ಇಳಿಯಬೇಕಾದ ಊರು ಬಂದು ಹೋಯಿತು, ನಾನು ಗಂಟೆ ಬಾರಿಸಲಿಲ್ಲ. ಅವನು ಕೂಗಿದ ಮೇಲೆ ಗಾಡಿ ನಿಂತಿತು. ಗುರಲಿಂಗಪ್ಪಣ್ಣ ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿದರು. ಟಿಕೆಟ್ ಲೆಕ್ಕದ ವೇಬಿಲ್ಲು ಬರೆಯಲು ಕೂತರೆ ಊರುಗಳ ಹೆಸರೇ ಕಲಸಿಹೋದವು. ಮಾಳಿಗೆಯ ಅಂಚು, ಕೆಂಪು ಮೆಣಸಿನಕಾಯಿ, ನೀಲವ್ವ ರೊಟ್ಟಿ ಹಾಕುವ ಕೈ ಇವೇ ಕಣ್ಣ ಮುಂದೆ ಬರುತ್ತಿದ್ದವು. ಅವರು ಮಾತ್ರ ಎಂದಿನಂತೆ ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು, ರಸ್ತೆಯನ್ನು ಓದುತ್ತಿದ್ದವರ ಹಾಗೆ ಗಾಡಿ ಹೊಡೆಯುತ್ತಿದ್ದರು. ಎದುರಿಗೆ ಬಂದ ಚಕ್ಕಡಿಗಳಿಗೆ ದಾರಿ ಬಿಟ್ಟರು. ಹೊಲದಿಂದ ಬುಟ್ಟಿ ಹೊತ್ತು ಕೈಮಾಡುತ್ತ ಓಡಿ ಬರುತ್ತಿದ್ದ ಹೆಂಗಸಿಗಾಗಿ ನಿಂತು ಕಾದರು.

ಅರ್ಧ ದಾರಿಯಲ್ಲಿ ಇಂಜಿನ್ ಕಾಯಿತು. ಆ ಗಾಡಿಯ ಚಾಳಿಯೇ ಅದು. ನೀರು ಹಾಕಿ ಹತ್ತು ಮಿನಿಟು ಆರಲು ಬಿಡದೆ ಮುಂದೆ ಹೋಗುತ್ತಿರಲಿಲ್ಲ. ರಸ್ತೆಗೆ ಹತ್ತಿಕೊಂಡೇ ಒಂದು ಬಾವಿ ಇದ್ದ ಹೊಲದ ಹತ್ತಿರ ನಿಲ್ಲಿಸಿದರು. ಆ ಹೊಲದಲ್ಲಿ ಒಕ್ಕಲಿಗರು ನಾಲ್ಕೈದು ಮಂದಿ ಕುಳ್ಳಿನ ಬೆಂಕಿ ಹಾಕಿ, ಹಸಿ ಜೋಳದ ತೆನೆ ಸುಟ್ಟು ಸೀತನಿ ಬಡಿಯುತ್ತಿದ್ದರು. "ಬರ್ರಿ ಡ್ರೈವರ್ ಸಾಹೇಬ್ರ, ನಾಕು ಕಾಳು ತಿಂದು ಹೋಗ್ರಿ" ಎಂದು ಕೂಗಿದರು. ಗುರಲಿಂಗಪ್ಪಣ್ಣ ರೇಡಿಯೇಟರಿಗೆ ನೀರು ಹಾಕಿ, ಹೇಗೂ ಆರಬೇಕಲ್ಲ ಎಂದು ಹೊಲದೊಳಗೆ ಹೋದರು.

ಅದೇ ಹೊತ್ತಿಗೆ ಹಿಂದಿನಿಂದ ಒಂದು ಲಾರಿ ಬಂದು, ನಮ್ಮನ್ನು ದಾಟಿ, ಧೂಳೆಬ್ಬಿಸಿಕೊಂಡು ವಿಜಾಪುರದ ಕಡೆ ಹೋಯಿತು. ಬಬಲೇಶ್ವರದಲ್ಲಿ ನಿಂತಿದ್ದ ಅದೇ ಖಾಲಿ ಲಾರಿ ಅದು ಎಂದು ಆಗ ನನಗೆ ಹೊಳೆಯಲಿಲ್ಲ.

ನಾನು ಬಾಗಿಲ ಹತ್ತಿರದ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದೆ. ಮೊದಲ ಸೀಟಿನಲ್ಲಿ ಮಮದಾಪುರದ ವಯಸ್ಸಾದ ಒಬ್ಬ ಆಯಿ ಕೂತಿದ್ದಳು. ಕಣ್ಣು ತೋರಿಸಲು ವಿಜಾಪುರಕ್ಕೆ ಹೊರಟವಳು. ಸರಿಯಾಗಿ ಕಾಣದಿದ್ದರೂ ನನ್ನ ಮುಖದಲ್ಲಿ ಏನು ಕಂಡಳೋ, "ಯಾಕೋ ಯಪ್ಪಾ, ಮೈಯಾಗ ಆರಾಮಿಲ್ಲೇನು?" ಎಂದಳು. ಅವಳ ದನಿಗೆ ನನಗೆ ತಡೆಯಲಾಗಲಿಲ್ಲ. ಅವಳ ಹತ್ತಿರ ಬಗ್ಗಿ ಎಲ್ಲ ಹೇಳಿದೆ.

ಅವಳು ಕೇಳಿ, "ಮತ್ತ ಅವಗ ಹೇಳಿಯಿಲ್ಲೋ?" ಎಂದಳು.

"ಇಲ್ಲಬೇ. ಹೇಳಿದ್ರ ಗಾಡಿ ಹೆಂಗ ಹೊಡೀತಾರ? ಐವತ್ತು ಮಂದಿ ಅದೀರಿ."

"ಅವಗ ಯಾಕ ಹೊಡೀ ಅಂತಿ? ಗಾಡಿ ಇಲ್ಲೇ ನಿಂದರಲಿ. ಆ ಲಾರಿಗಿ ಕೈ ಮಾಡಿ ಅವನ್ನ ಹತ್ತಿಸಿ ಕಳಸೂದಿತ್ತು. ನಮಗೇನು ಕಾಲಿಲ್ಲ? ಮುಂದಿನ ಗಾಡಿ ಬಂದ್ರ ಬಂತು, ಇಲ್ಲಂದ್ರ ನಡಕೋತ ಹೋಗ್ತಿದ್ದಿವಿ."

ನಾನು ರಸ್ತೆಯ ಕಡೆ ನೋಡಿದೆ. ಲಾರಿಯ ಧೂಳು ಇನ್ನೂ ಪೂರ್ತಿ ಕೂತಿರಲಿಲ್ಲ.

ಇಲ್ಲಿಯವರೆಗೆ ನಾನು ಎಲ್ಲರಿಗೂ ಹೇಳಿದ್ದೇನೆ. ಇದರ ಮುಂದೆ ಆ ಹೊಲದಲ್ಲಿ ನಡೆದದ್ದನ್ನು ಬಿಟ್ಟಿದ್ದೇನೆ. ಹೆಂಡತಿಗೂ ಹೇಳಿಲ್ಲ.

ಆಯಿಯ ಮಾತು ಕೇಳಿ ನಾನು ಎದ್ದೆ. ಈಗಲಾದರೂ ಹೇಳಬೇಕು, ಇನ್ನೊಂದು ಲಾರಿ ಬರಬಹುದು, ಮೋಟರ್ ಸೈಕಲ್ ಬರಬಹುದು, ಏನಾದರೂ ಬರಬಹುದು ಎಂದು ಹೊಲದೊಳಗೆ ಇಳಿದೆ. ಹತ್ತು ಹೆಜ್ಜೆ ಹೋಗಿರಬೇಕು. ಗುರಲಿಂಗಪ್ಪಣ್ಣ ಎದುರಿಗೇ ಬರುತ್ತಿದ್ದರು. ಬಾಯಿ ತುಂಬ ಸೀತನಿ, ತುಟಿಯ ಮೇಲೆ ಬೂದಿ. ಟವೆಲಿನ ಚುಂಗಿನಲ್ಲಿ ಏನನ್ನೋ ಗಂಟು ಕಟ್ಟಿಕೊಂಡಿದ್ದರು. ನನ್ನನ್ನು ನೋಡಿ, "ತಗೋ, ನೀನೂ ನಾಕು ಕಾಳು ತಿನ್ನು. ಇವು ಆಕಿಗೆ. ಸೀತನಿ ಅಂದ್ರ ಪ್ರಾಣ ಬಿಡ್ತಾಳ" ಎಂದು ಗಂಟನ್ನು ತೋರಿಸಿ ನಕ್ಕರು.

ನಾನು ಕೈ ಒಡ್ಡಿದೆ. ಅವರು ಹಾಕಿದ ಕಾಳುಗಳನ್ನು ತಿಂದೆ.

ನಿಯಮ ಇತ್ತು, ಅವರೇ ಹಾಕಿದ ನಿಯಮ, ನಾನು ಪಾಲಿಸಿದೆ ಎಂದು ಆಮೇಲೆ ಎಲ್ಲರಿಗೂ ಹೇಳುತ್ತ ಬಂದೆ. ಬಬಲೇಶ್ವರದಲ್ಲಿ ಅದು ನಿಜವೂ ಆಗಿತ್ತು. ಆದರೆ ಆ ಹೊಲದಲ್ಲಿ ಗಾಡಿ ನಿಂತಿತ್ತು, ಇಂಜಿನ್ ಬಂದಾಗಿತ್ತು, ಅವರ ಕೈಯಲ್ಲಿ ಸ್ಟೇರಿಂಗ್ ಇರಲಿಲ್ಲ. ಅಲ್ಲಿ ನನ್ನನ್ನು ತಡೆದದ್ದು ನಿಯಮವಲ್ಲ. ನಗುತ್ತಿದ್ದ ಆ ಮುಖಕ್ಕೆ ಆ ಮಾತು ಹೇಳಲು ನನಗೆ ಅಂಜಿಕೆಯಾಯಿತು. ಅಷ್ಟೇ.

"ಹೋಗೂಣ್ರಿ ಅಣ್ಣಾ, ಲಗೂ ಹೋಗೂಣು" ಎಂದಷ್ಟೇ ಅಂದೆ.

"ಅಲ್ಲ, ಇವತ್ತ ನಿನಗೇನಾಗೇತಿ? ಇಂಜಿನ್ ಆರಲಿ ತಡಿ" ಎಂದರು. ಇನ್ನೂ ಐದು ಮಿನಿಟು ಕಾದರು. ಆಯಿ ಕಿಟಕಿಯಿಂದ ನನ್ನ ಕಡೆಯೇ ಮುಖ ಮಾಡಿ ಕೂತಿದ್ದಳು. ನಾನು ಹತ್ತಿ ಅವಳ ಪಕ್ಕದಿಂದ ಹಿಂದಕ್ಕೆ ಹೋದೆ.

ವಿಜಾಪುರ ಸ್ಟ್ಯಾಂಡಿಗೆ ಬಂದಾಗ ಹನ್ನೆರಡಾಗುತ್ತ ಬಂದಿತ್ತು. ಗುರಲಿಂಗಪ್ಪಣ್ಣ ಗಾಡಿಯನ್ನು ತನ್ನ ಜಾಗಕ್ಕೆ ಹಚ್ಚಿ, ಹ್ಯಾಂಡ್ ಬ್ರೇಕ್ ಎಳೆದು, ಇಂಜಿನ್ ಬಂದ್ ಮಾಡಿದರು. ಬಾಜೂ ಮನೆಯ ಈರಣ್ಣ ಅಲ್ಲೇ ಕಂಬದ ಹತ್ತಿರ ನಿಂತಿದ್ದ. ಅವನು ನಿಂತ ರೀತಿಯಲ್ಲೇ ನನಗೆ ತಿಳಿಯಿತು. ನಾನು ಇಳಿದು ಮುಂದಿನ ಬಾಗಿಲಿಗೆ ಓಡುವಷ್ಟರಲ್ಲಿ ಅವನು ಅಲ್ಲಿಗೆ ಹೋಗಿದ್ದ.

"ಗುರಲಿಂಗಪ್ಪಾ, ಕೆಳಗ ಇಳಿ" ಎಂದ. "ನೀಲವ್ವ ಹ್ವಾದಳು. ಕಾಲು ತಾಸಾತು."

ಗುರಲಿಂಗಪ್ಪಣ್ಣ ಇಳಿಯಲಿಲ್ಲ. ಸೀಟಿನಲ್ಲೇ ಕೂತು ಕೇಳಿದರು. "ಎಲ್ಲಿ ಹ್ವಾದಳು?"

ಈರಣ್ಣ ಅಳತೊಡಗಿದ. ಮಾಳಿಗೆ, ಮೆಣಸಿನಕಾಯಿ, ದವಾಖಾನೆ ಎಲ್ಲ ತುಂಡು ತುಂಡಾಗಿ ಹೇಳಿದ. "ಕಡೀತನಕ ನಿನ್ನ ಕೇಳಾಕತ್ತಿದ್ಳು. ಗಾಡಿ ಬಂತೇನು, ಗಾಡಿ ಬಂತೇನು ಅನ್ನಾಕತ್ತಿದ್ಳು. ನಾ ಇಮಾಮಸಾಬನ ಕೈಯಾಗ ಹೇಳಿ ಕಳಿಸಿದ್ದೆ. ಬಬಲೇಶ್ವರದಾಗ ಮುಟ್ಟಲಿಲ್ಲೇನು ಸುದ್ದಿ?"

ಆಗ ಗುರಲಿಂಗಪ್ಪಣ್ಣ ನನ್ನ ಕಡೆ ತಿರುಗಿದರು. ಇಳಿಯುವ ಮಂದಿ ಇಳಿಯುತ್ತಿದ್ದರು, ಬುಟ್ಟಿ ಗಂಟು ಎತ್ತಿಕೊಳ್ಳುತ್ತಿದ್ದರು. ಅವರು ಮೆಲ್ಲಗೆ ಕೇಳಿದರು.

"ನಿನಗ ಗೊತ್ತಿತ್ತು?"

"ಹೂನ್ರಿ."

"ಬಬಲೇಶ್ವರದಾಗ?"

"ಹೂನ್ರಿ."

"ಹೊಲದಾಗ ಸೀತನಿ ತಿನ್ನೂ ಮುಂದೂ ಗೊತ್ತಿತ್ತು?"

ನಾನು ಹೌದೆಂದು ತಲೆ ಆಡಿಸಿದೆ. ಅವರು ಇಳಿದರು. ಹೆಗಲ ಮೇಲಿನ ಟವೆಲು ಗಂಟಿನ ಸಮೇತ ಸೀಟಿನಲ್ಲೇ ಉಳಿಯಿತು. ಈರಣ್ಣ ಅವರ ಕೈ ಹಿಡಿದುಕೊಂಡ. ಇಬ್ಬರೂ ಸ್ಟ್ಯಾಂಡಿನ ಹೊರಗೆ ನಿಂತಿದ್ದ ಟಾಂಗಾದ ಕಡೆ ನಡೆದರು. ನಾನು ಹಿಂದೆ ಹೋಗಲಿಲ್ಲ. ಕಂಟ್ರೋಲರ್ ಕಚೇರಿಗೆ ಹೋಗಿ ಬೇರೆ ಡ್ರೈವರ್ ಬೇಕು ಎಂದು ಹೇಳಿ, ಯಾಕೆ ಎಂದು ಕೇಳಿದಾಗ ಗೋಡೆಗೆ ಹಣೆ ಹಚ್ಚಿ ಅತ್ತೆ.

ಮಣ್ಣು ಮಾಡಿದ್ದು ತಿಕೋಟಾದಲ್ಲಿ. ನಾನು ಅವತ್ತು ಹೋಗಲಿಲ್ಲ. ಡ್ಯೂಟಿ ಇತ್ತು ಎಂದು ನೆಪ ಹೇಳಿದೆ. ನಾಲ್ಕನೆಯ ದಿನ ಬಬಲೇಶ್ವರದ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ, ಎದುರಿಗೆ ಇನ್ನಾವುದೋ ಲಾರಿ ನಿಂತದ್ದು ಕಂಡು, ಆ ದಿನ ಗಾಲಿ ಒದೆಯುತ್ತಿದ್ದ ಡ್ರೈವರನ ಕೆಂಪು ಬನಿಯನ್ ಸಮೇತ ನನಗೆ ನೆನಪಾಯಿತು. ಎರಡು ಹೆಜ್ಜೆ ಹೋಗಿ ಒಂದು ಮಾತು ಕೇಳಿದ್ದರೆ ಸಾಕಿತ್ತು. ನಮ್ಮ ಗಾಡಿ ನಿಲ್ಲುತ್ತಿತ್ತು, ಮಂದಿ ಬೈಯುತ್ತಿದ್ದರು, ಮೇಲಿನವರು ಒಂದು ನೋಟೀಸು ಕೊಡುತ್ತಿದ್ದರು. ಅಷ್ಟೇ ಆಗುತ್ತಿತ್ತು. ಹೇಳಿ ಗಾಡಿ ಹೊಡೆಸುವುದು, ಇಲ್ಲವೇ ಹೇಳದೆ ಗಾಡಿ ಹೊಡೆಸುವುದು, ಎರಡೇ ದಾರಿ ಇವೆ ಎಂದುಕೊಂಡಿದ್ದೆ. ಗಾಡಿ ಹೋಗಲೇಬೇಕು ಎಂಬುದರ ಮೇಲೆ ನನ್ನ ತಲೆ ಅಷ್ಟು ಕೂತಿತ್ತು. ಓದು ಬಾರದ ಆಯಿಗೆ ಹೊಳೆದದ್ದು ನನಗೆ ಹೊಳೆಯಲಿಲ್ಲ.

ಮರುದಿನ ರಜೆ ಹಾಕಿ ತಿಕೋಟಾಕ್ಕೆ ಹೋದೆ. ಗುರಲಿಂಗಪ್ಪಣ್ಣ ಅಣ್ಣತಮ್ಮಂದಿರ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಮಗಳು ಒಳಗಿನಿಂದ ಬಂದು ನೀರು ಕೊಟ್ಟಳು. ಅವಳ ಕಂಕುಳಲ್ಲಿ ಒಂದೂವರೆ ವರ್ಷದ ಹುಡುಗನಿದ್ದ. ನಾನು ಕಟ್ಟೆಯ ಕೆಳಗೇ ನಿಂತೆ.

"ಮ್ಯಾಲ ಬಾ, ಕುಂದ್ರು" ಎಂದರು.

ಕೂತೆ. ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದೆಲ್ಲ ಎಲ್ಲಿ ಹೋಯಿತೋ. "ಅಣ್ಣಾ, ನನ್ನಿಂದ ತಪ್ಪಾತ್ರಿ" ಎಂದೆ.

"ತಪ್ಪಲ್ಲ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾನಽ ಹೇಳಿದ್ದೆ. ನೀ ನಡಸಿದಿ. ಐವತ್ತು ಮಂದಿ ಮನಿಗಿ ಮುಟ್ಟಿದ್ರು. ನಾ ಕೇಳಿದ್ದಿದ್ರ ಆ ಗಾಡಿ ಏನ್ ಮಾಡ್ತಿದ್ದೆನೋ ನನಗ ಗೊತ್ತಿಲ್ಲ. ಯಾರರ ನಿನಗ ತಪ್ಪು ಅಂದ್ರ ನನ್ನ ಹತ್ರ ಕಳಸು."

ನನಗೆ ಹೊಲದ ಮಾತು ಹೇಳಬೇಕೆನಿಸಿತು. ನಿಯಮಕ್ಕಲ್ಲ ಅಣ್ಣಾ, ಅಂಜಿ ಹೇಳಲಿಲ್ಲ ಎಂದು ಬಾಯಿಯವರೆಗೂ ಬಂತು. ಅಷ್ಟರಲ್ಲಿ ಅವರೇ ಮುಂದುವರಿಸಿದರು.

"ಆದ್ರ ಒಂದು ಮಾತು. ಇನ್ನ ನಿನ್ನ ಜೋಡಿ ಗಾಡಿ ಹೊಡಿಯಾಕ ನನ್ನಿಂದ ಆಗೂದಿಲ್ಲ. ಕಂಟ್ರೋಲರಿಗೆ ಹೇಳಿ ಬೇರೆ ಲೈನ್ ತಗೋತೀನಿ. ಸಿಟ್ಟಿಗಲ್ಲ ತಮ್ಮಾ. ನೀ ಹಿಂದ ನಿಂತಿದ್ರ, ಇವಗ ಏನ್ ಗೊತ್ತೈತಿ, ಏನ್ ಮುಚ್ಚಿಟ್ಟಾನ ಅಂತ ನನ್ನ ಧ್ಯಾನ ಎಲ್ಲಾ ಹಿಂದಽ ಇರ್ತೈತಿ. ಗಾಡಿ ಹೊಡಿಯಾಕ ಆಗೂದಿಲ್ಲ."

ನಾನು ಹೂಂ ಎಂದೆ. ಹೇಳಬೇಕಾದ ಮಾತು ಒಳಗೇ ಉಳಿಯಿತು. ಅವರ ಮಗಳು ಊಟ ಮಾಡಿ ಹೋಗಿರಿ ಎಂದಳು. ಒಲ್ಲೆ ಎನ್ನಲು ಬಾಯಿ ಬಾರದೆ ಕೂತು ಅರ್ಧ ರೊಟ್ಟಿ ತಿಂದೆ.

ಆಮೇಲೆ ಮೂರು ವರ್ಷ ನಾವಿಬ್ಬರೂ ಒಂದೇ ಡಿಪೋದಲ್ಲಿದ್ದರೂ ಒಂದೇ ಗಾಡಿಯಲ್ಲಿ ಇರಲಿಲ್ಲ. ಎದುರುಬದುರು ಗಾಡಿ ದಾಟುವಾಗ ಅವರು ಮುಂದೆ ನೋಡುತ್ತ ಹೋಗಿಬಿಡುತ್ತಿದ್ದರು. ಮೊದಲಿನಿಂದಲೂ ಅವರು ಹಾಗೆಯೇ, ಯಾರಿಗೂ ಕೈ ಎತ್ತುವವರಲ್ಲ. ಆದರೂ ಪ್ರತಿಸಲ ನಾನು ಕಿಟಕಿಗೆ ಬಗ್ಗಿ ಅವರನ್ನು ನೋಡುತ್ತಿದ್ದೆ.

೧೯೭೯ರಲ್ಲಿ ಒಂದು ದಿನ ಡ್ಯೂಟಿಗೆ ಮಂದಿ ಕಡಿಮೆ ಬಿದ್ದು, ತಿಕೋಟಾದ ಮೇಲೆ ಕಳ್ಳಕವಟಗಿಗೆ ಹೋಗುವ ಗಾಡಿಗೆ ನಮ್ಮಿಬ್ಬರನ್ನೂ ಹಾಕಿದರು. ನಾನು ಬೇರೆಯವರ ಜೊತೆ ಬದಲಿಸಿಕೊಳ್ಳಲು ನೋಡಿದೆ, ಯಾರೂ ಸಿಗಲಿಲ್ಲ. ಗುರಲಿಂಗಪ್ಪಣ್ಣ ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಗಾಡಿಯ ಸುತ್ತ ಒಂದು ಸುತ್ತು ಹಾಕಿ ಗಾಲಿ ನೋಡಿದರು. ಹತ್ತುವ ಮೊದಲು ನನ್ನ ಹತ್ತಿರ ಬಂದು ನಿಂತರು.

"ಶ್ರೀಶೈಲ, ಮೊದಲ ನಿನಗ ಒಂದು ಮಾತು ಹೇಳಿದ್ದೆ, ಮನಿ ಸುದ್ದಿ ದಾರ್‍ಯಾಗ ಹೇಳಬ್ಯಾಡಂತ. ಆ ಮಾತು ತಪ್ಪಿತ್ತು. ಈಗ ಏನರ ಸುದ್ದಿ ಬಂದ್ರ ಹೇಳು. ಗಾಡಿ ನಿಲ್ಲಸ್ತೀನಿ, ಕೇಳ್ತೀನಿ. ಹೊಡಿಯಾಕ ಆದ್ರ ಹೊಡೀತೀನಿ, ಆಗಲಿಲ್ಲಂದ್ರ ಇಳಿದು ಹೋಗ್ತೀನಿ."

"ಹೂನ್ರಿ ಅಣ್ಣಾ" ಎಂದೆ.

ಅವರು ಹತ್ತಿ ಕೂತರು. ಆ ಮಾತು ಹೇಳುವಾಗ ಅವರಿಗೆ ಹೊಳೆಯಿತೋ ಇಲ್ಲವೋ, ನನಗೆ ಹೊಳೆಯಿತು. ವಿಜಾಪುರದ ಆ ಮನೆಯಲ್ಲಿ ಈಗ ಅವರೊಬ್ಬರೇ ಇದ್ದರು. ಗಾಡಿ ಬಂತೇನು ಎಂದು ಅಲ್ಲಿ ಕೇಳುವವರು ಯಾರೂ ಉಳಿದಿರಲಿಲ್ಲ.

ಅವತ್ತು ಕಳ್ಳಕವಟಗಿಗೆ ಹೋಗಿ ಬಂದೆವು. ಏನೂ ಆಗಲಿಲ್ಲ. ಸಂಜೆ ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸಿದ ಮೇಲೆ ನಾನು ಅವರ ಹತ್ತಿರ ಹೋಗಿ ಆ ಹೊಲದ ಮಾತು ಹೇಳಿದೆ. ಗಾಡಿ ನಿಂತಿದ್ದಾಗಲೂ ಹೇಳಲಿಲ್ಲ, ನಿಮ್ಮ ನಿಯಮಕ್ಕಲ್ಲ, ನಿಮ್ಮ ನಗು ನೋಡಿ ಬಾಯಿ ಬರಲಿಲ್ಲ ಎಂದೆ. ಅವರು, "ನಾನೂ ನಿನ್ನ ಜಾಗಾದಾಗ ಇದ್ದಿದ್ರ..." ಎಂದು ಅರ್ಧಕ್ಕೇ ನಿಲ್ಲಿಸಿದರು. ವೇಬಿಲ್ಲಿಗೆ ಸಹಿ ಹಾಕಿ ಕೊಟ್ಟು ಹೋದರು.

ನಾನು ಮುಂದೆ ಮೂವತ್ತು ವರ್ಷ ಕಂಡಕ್ಟರ್ ಕೆಲಸ ಮಾಡಿದೆ. ಡ್ರೈವರನ ಗಮನ ಕೆಡಿಸಬಾರದು ಎಂದು ಹೊಸಬರಿಗೆ ನಾನೂ ಹೇಳಿಕೊಟ್ಟೆ, ಆ ಮಾತು ಇವತ್ತಿಗೂ ಸುಳ್ಳಲ್ಲ. ಆದರೆ ಕೆಲಸದ ಮೇಲೆ ಮನಸ್ಸಿಡುವುದು ಎಂದರೆ ಪಕ್ಕದ ಮನುಷ್ಯನನ್ನು ಮರೆಯುವುದಲ್ಲ ಎಂದು ಅದರ ಜೊತೆ ಸೇರಿಸಿ ಹೇಳಬೇಕಿತ್ತು. ಹೇಳಲು ಹೋದರೆ ಯಾಕೆ ಎಂದು ಕೇಳುತ್ತಿದ್ದರು, ಆ ಹೊಲದ ಕಥೆ ಹೇಳಬೇಕಾಗುತ್ತಿತ್ತು. ಅದಕ್ಕೆ ಹೇಳಲಿಲ್ಲ. ಇಲ್ಲಿ ಬರೆದಿದ್ದೇನೆ. ನೀಲವ್ವನ ಕೊನೆಯ ಅರ್ಧ ದಿನದಲ್ಲಿ ಒಂದು ತಾಸು ನನ್ನ ಕೈಯಲ್ಲಿತ್ತು. ಅದನ್ನು ನಾನು ಅವಳಿಗೆ ಕೊಡಲಿಲ್ಲ.